ನೆರೆಗೆ ಬೇರೆ ಬೀಜ, ಉಪ್ಪಿಗೆ ಬೇರೆ ಬೀಜ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲ ಒಟ್ಟಿಗೆ ಇಟ್ಕೊಂಡು ಕೂತಾಗ ಗೊತ್ತಾಗಿದ್ದು ಏನಂದ್ರೆ, ಗಜನಿ (ಹೊಳೆ ಬದಿಯ, ಭರತದ ಉಪ್ಪುನೀರು ಬರೋ ತಗ್ಗು ಗದ್ದೆ) ಬದಿಯವರಾಗ್ಲಿ ಘಟ್ಟದ ಮೇಲಿನ ತೋಟದವರಾಗ್ಲಿ ಕೇಳೋದು ಹೆಚ್ಚುಕಮ್ಮಿ ಒಂದೇ, ಮಳೆ ಹಿಂಗೆ ಹುಚ್ಚು ಹಿಡಿದ ಹಾಗೆ ಬರ್ತಿರೋವಾಗ ಇದನ್ನ ತಡ್ಕೊಳ್ಳೋ ತಳಿ ಯಾವ್ದು ಅಂತ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಹೆಸ್ರು ಹಾಕ್ಬೇಡಿ ಅಂತ ಕೆಲವ್ರು ಕೇಳ್ಕೊಂಡಿದ್ರು, ಅದ್ಕೆ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಅಣ್ಣಾ, ನಮ್ದು ಅಘನಾಶಿನಿ ಬದಿ ಗಜನಿ ಗದ್ದೆ. 2019ರ ಆಗಸ್ಟ್ ನೆರೆಲಿ ಇದ್ದ ಬೆಳೆ ಪೂರ್ತಿ ಹೋಯ್ತು, ಅದಾದ್ಮೇಲೂ ಎರಡ್ಮೂರು ಸಲ ನೀರು ನಿಂತು ಕೊಳೀತು. ಮಗ ಮೊಬೈಲಲ್ಲಿ ನೋಡಿ ಸ್ವರ್ಣ ಸಬ್-1 ಅಂತ ಬೀಜ ಇದೆ, ಎರಡು ವಾರ ನೀರೊಳಗಿದ್ರೂ ಸಾಯೂದಿಲ್ಲ, ಅದನ್ನೇ ತರ್ಸುವ ಅಂತಾನೆ. ಅವನ ಅಜ್ಜಿ ನಮ್ಮ ಹಳೇ ಕಗ್ಗ ಭತ್ತ ಬಿಡ್ಬೇಡಿ ಅಂತಾರೆ. ನಾನು ಯಾರ ಮಾತು ಕೇಳ್ಲಿ? — ಕುಮಟಾ ತಾಲೂಕು

ಅಕ್ಕಾ, ಮಗ ಓದಿದ್ದು ಸುಳ್ಳಲ್ಲ. ಆದ್ರೆ ಆ ಬೀಜ ಮಾಡಿದ್ದು ನಿಮ್ಮ ಗದ್ದೆಗೆ ಬರೋ ನೀರಿಗಲ್ಲ, ಬೇರೆ ಥರದ ನೀರಿಗೆ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಯಾಕಂದ್ರೆ ಇದೊಂದು ತಿಳ್ಕೊಂಡ್ರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗೇ ಬಗೆಹರೀತವೆ.

ಸಾಮಾನ್ಯ ಭತ್ತ ನೀರಲ್ಲಿ ಪೂರ್ತಿ ಮುಳುಗಿದಾಗ ಏನು ಮಾಡ್ತದೆ ಅಂದ್ರೆ ಗಾಬರಿ ಬಿದ್ದವರ ಹಾಗೆ ಮೇಲೆ ಬರೋಕೆ ನೋಡ್ತದೆ, ಎಲೆ ಉದ್ದ ಮಾಡ್ತದೆ, ಕಾಂಡ ಎಳೀತದೆ, ಒಳಗಿದ್ದ ಸಕ್ಕರೆ ಪಿಷ್ಟ ಎಲ್ಲ ಅದಕ್ಕೇ ಖರ್ಚು ಮಾಡ್ತದೆ. ಆರೇಳು ದಿನ ಕಳೆದು ನೀರು ಇಳಿಯೋಷ್ಟರಲ್ಲಿ ಅದರ ಹತ್ರ ಏನೂ ಉಳಿದಿರೋದಿಲ್ಲ, ಬಿಳಿಚಿ ಮಲಗಿ ಕೊಳೀತದೆ. ಒಡಿಶಾದ ರೈತರ ಹತ್ರ ಒಂದು ಹಳೇ ಭತ್ತ ಇತ್ತು, ಅದರಿಂದ ಆರಿಸಿ ತೆಗೆದ ಸಾಲಿಗೆ ಎಫ್‌ಆರ್ 13ಎ ಅಂತ ಹೆಸ್ರು. ಅದು ಮಾಡೋದು ಉಲ್ಟಾ. ಮುಳುಗಿದ ಕೂಡ್ಲೇ ಬೆಳೆಯೋದೇ ನಿಲ್ಲಿಸಿ ಇದ್ದ ಪಿಷ್ಟ ಹಿಡ್ಕೊಂಡು ಸುಮ್ನೆ ಕೂರ್ತದೆ, ನೀರು ಇಳಿದ ಮೇಲೆ ಮತ್ತೆ ಚಿಗುರ್ತದೆ. ಈ ಗುಣಕ್ಕೆ ಕಾರಣ ಆದ ಜೀನ್ ಒಂಬತ್ತನೇ ಕ್ರೋಮೋಸೋಮಲ್ಲಿದೆ ಅಂತ 90ರ ದಶಕದಲ್ಲಿ ಗೊತ್ತಾಯ್ತು, 2006ರಲ್ಲಿ ಆ ಜೀನ್ ಇದೇ ಅಂತ ಖಚಿತ ಆಯ್ತು, ಅದರ ಹೆಸ್ರೇ ಸಬ್1ಎ. ಅದನ್ನ ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವ್ರು ನಮ್ಮ ಆಂಧ್ರದ ಸ್ವರ್ಣ ತಳಿಗೆ ಸೇರಿಸಿದ್ರು, 2009ರಲ್ಲಿ ಸ್ವರ್ಣ ಸಬ್-1 ನಮ್ಮ ದೇಶದಲ್ಲಿ ಬಿಡುಗಡೆ ಆಯ್ತು. ಒಡಿಶಾ, ಬಂಗಾಳ, ಬಿಹಾರದ ಕಡೆ ನದಿ ಉಕ್ಕಿ ಬಂದು ಹತ್ತು ಹದಿನೈದು ದಿನಕ್ಕೆ ಇಳಿದು ಹೋಗೋ ಸಿಹಿನೀರಿನ ನೆರೆ ಇದ್ಯಲ್ಲ, ಅಲ್ಲಿ ಅದು ನಿಜವಾಗ್ಲೂ ಜನರ ಊಟ ಉಳಿಸಿದೆ, ಅದರ ಬಗ್ಗೆ ನನಗೆ ತುಂಬ ಗೌರವ ಇದೆ.

ಈಗ ನಿಮ್ಮ ಗಜನಿ ನೋಡಿ. ಅಲ್ಲಿ ಮೇಲಿಂದ ಹೊಳೆ ನೀರು ಬರ್ತದೆ, ಕೆಳಗಿಂದ ಭರತದ ಉಪ್ಪುನೀರು ಬರ್ತದೆ, ಕಟ್ಟೆ ಎಲ್ಲಾದ್ರೂ ಒಡೀತು ಅಂದ್ರೆ ಎರಡೂ ಸೇರಿ ಗದ್ದೆಲಿ ನಿಲ್ತವೆ. ಸಬ್1ಎ ಜೀನಿಗೆ ಉಪ್ಪಿನ ಗೊಡವೆ ಇಲ್ಲ, ಅದು ಮುಳುಗೋದಕ್ಕೆ ಮಾತ್ರ. ಅದೂ ಪೂರ್ತಿ ಮುಳುಗಿ ಎರಡು ವಾರದೊಳಗೆ ಇಳಿದ್ರೆ ಮಾತ್ರ. ಮೊಣಕಾಲಿಂದ ಸೊಂಟದ ತನಕ ನೀರು ತಿಂಗಳುಗಟ್ಲೆ ನಿಂತೇ ಇರೋ ಕಡೆ ಬೆಳೆಯೋದು ನಿಲ್ಲಿಸಿ ಕೂತ್ರೆ ಗಿಡಕ್ಕೇ ಕಷ್ಟ, ಅಲ್ಲಿ ಎತ್ತರಕ್ಕೆ ಬೆಳೆದು ತಲೆ ಮೇಲಿಡೋ ಭತ್ತವೇ ಬೇಕು. ಜೊತೆಗೆ ಸ್ವರ್ಣ ಅಂದ್ರೆ ಸುಮಾರು 140 ದಿನದ ಬೆಳೆ. ಮಳೆ ನಿಂತು ಹೊಳೆಲಿ ಸಿಹಿನೀರಿನ ಒತ್ತಡ ಕಮ್ಮಿ ಆಗ್ತಿದ್ದ ಹಾಗೆ ಉಪ್ಪು ಮತ್ತೆ ಗದ್ದೆಗೆ ಏರೋಕೆ ಶುರು ಆಗ್ತದೆ, ಅದೇ ಹೊತ್ತಿಗೆ ಇದು ಹೊಡೆ ಬಿಚ್ಚಿ ಹೂವಾಗ್ತಾ ಇದ್ರೆ ಪೂರಾ ಜೊಳ್ಳು.

ಉಪ್ಪಿನ ಲೆಕ್ಕ ಹೇಳ್ತೇನೆ ಕೇಳಿ. ಮಣ್ಣು ಪರೀಕ್ಷೆ ಚೀಟಿಲಿ ಇ.ಸಿ. ಅಂತ ಉಪ್ಪು ಎಷ್ಟಿದೆ ಅಂತ ತೋರಿಸೋ ಒಂದು ಅಂಕಿ ಇರ್ತದೆ, ಮಣ್ಣಿನ ರಸದಲ್ಲಿ ಅದು 3 ದಾಟಿದ್ರೆ ಸಾಮಾನ್ಯ ಭತ್ತದ ಇಳುವರಿ ಬೀಳೋಕೆ ಶುರು, ಅಲ್ಲಿಂದ ಮುಂದೆ ಒಂದೊಂದು ಅಂಕಿ ಏರಿದಾಗ್ಲೂ ಸುಮಾರು ನೂರಕ್ಕೆ 12ರಷ್ಟು ಹೋಗ್ತದೆ. ಸಮುದ್ರದ ನೀರಿಗೆ ಅದೇ ಅಂಕಿ 50ರ ಹತ್ರ. ಇನ್ನೊಂದು, ಭತ್ತಕ್ಕೆ ಉಪ್ಪು ತಾಗೋದು ಎರಡು ಹೊತ್ತಲ್ಲಿ, ಒಂದು ಎಳೇ ಸಸಿ ಇದ್ದಾಗ, ಇನ್ನೊಂದು ಹೂ ಬಿಡೋವಾಗ, ನಡುವೆ ತೆಂಡೆ ಒಡೆಯೋ ಹೊತ್ತಲ್ಲಿ ಅದು ಗಟ್ಟಿ. ನಮ್ಮ ಹಿರಿಯರು ಜೂನಲ್ಲಿ ಮೊದಲ ಮಳೆಗಳು ಗದ್ದೆಯ ಉಪ್ಪು ತೊಳೆಯೋ ತನಕ ಕಾದು ಆಮೇಲೆ ಮೊಳಕೆ ಬೀಜ ಬಿತ್ತೋದು ಯಾಕೆ ಅಂತ ಇದ್ರಲ್ಲೇ ಗೊತ್ತಾಗ್ತದೆ, ಇ.ಸಿ. ಅಳೆಯೋ ಮಷಿನ್ ಇಲ್ದೇನೇ ಅವ್ರು ಎಳೇ ಸಸಿನ ಕಾಪಾಡಿದ್ರು.

ಕಗ್ಗ ಆ ನೀರಿಗೇ ಅಂತ ನೂರಾರು ವರ್ಷ ಆರಿಸಿ ಆರಿಸಿ ಉಳಿಸಿಕೊಂಡ ಭತ್ತ. ಕೆಂಪಕ್ಕಿ, ಎತ್ತರದ ಹುಲ್ಲು, ಉಪ್ಪೂ ತಡೀತದೆ, ಮುಳುಗೋದೂ ತಡೀತದೆ, ಗೊಬ್ಬರ ಕೇಳೋದಿಲ್ಲ, ಕೊಯ್ಲಾದ ಮೇಲೆ ಅದರ ಕೂಳೆ ಕೊಳೆತು ಸಿಗಡಿ ಮೀನಿಗೆ ಮೇವು. ನನ್ನ ಅಜ್ಜನಮನೆ ಆ ಕಡೆಯೇ, ಸಣ್ಣವನಿದ್ದಾಗ ಆಯಿ ಜೊತೆ ಹೋದಾಗ ಉಂಡ ಕಗ್ಗದ ಗಂಜಿ ರುಚಿ ಈಗ್ಲೂ ನಾಲಿಗೆಲಿದೆ, ಮೇಲೆ ಒಂದು ತುಂಡು ಸುಟ್ಟ ಮೆಣಸು, ಬೇರೇನೂ ಬೇಡ. ಅದರ ಕೊರತೆ ಏನು ಅಂದ್ರೆ ಇಳುವರಿ ಕಮ್ಮಿ, ಮತ್ತೆ ಪೇಟೆಲಿ ಅದಕ್ಕೆ ಸರಿಯಾದ ರೇಟು ಸಿಗೋದಿಲ್ಲ.

ಅದ್ಕೆ ನನ್ನ ಮಾತು ಇಷ್ಟು: ಅಜ್ಜಿ ಮಾತು ಕೇಳಿ ತಗ್ಗಿನ, ಉಪ್ಪು ಬರೋ ಗದ್ದೆಗೆ ಕಗ್ಗವೇ ಇರ್ಲಿ. ಮಗನ ಉತ್ಸಾಹಕ್ಕೂ ತಣ್ಣೀರು ಎರಚ್ಬೇಡಿ, ಮೇಲ್ಬದಿ ಸಿಹಿನೀರು ಬಂದು ಹೋಗೋ ಗದ್ದೆ ಏನಾದ್ರೂ ಇದ್ರೆ ಐದು ಗುಂಟೆಲಿ ಹೊಸ ಬೀಜ ಹಾಕಿ ನೋಡ್ಲಿ. ಉಪ್ಪಿಗೆ ಅಂತಲೇ ಮಾಡಿದ ತಳಿಗಳೂ ಇವೆ, ಮಹಾರಾಷ್ಟ್ರದ ಪನ್ವೇಲ್ ಕೇಂದ್ರದಿಂದ ಪನ್ವೇಲ್ 1, 2, 3 ಅಂತ ಬಂದಿವೆ, ಕೇರಳದ ವೈಟಿಲ ಕೇಂದ್ರದಿಂದ ಪೊಕ್ಕಾಳಿ ಭತ್ತ ಆಧರಿಸಿ ವೈಟಿಲ ಹೆಸರಿನ ತಳಿಗಳು ಬಂದಿವೆ. ಬ್ರಹ್ಮಾವರದ ಕೇಂದ್ರವೂ ಕರಾವಳಿ ಗದ್ದೆಗೆ ಅಂತಲೇ ಭತ್ತದ ಕೆಲಸ ಮಾಡ್ತದೆ. ಬೀಜ ತರೋ ಮೊದ್ಲು ಫೋನ್ ಮಾಡಿ ಕೇಳ್ಬೇಕಾದ ಮಾತು "ಇಳುವರಿ ಎಷ್ಟು" ಅಂತಲ್ಲ, "ನನ್ನ ಗದ್ದೆ ಇ.ಸಿ. ಇಷ್ಟು, ನೀರು ಇಷ್ಟು ದಿನ ನಿಲ್ತದೆ, ಈ ತಿಂಗಳಲ್ಲಿ ಉಪ್ಪು ಏರ್ತದೆ, ಇದಕ್ಕೆ ಯಾವ್ದು" ಅಂತ.

ಸರ್, ನಾನು ಪಿಯುಸಿ ಸೈನ್ಸ್ ಓದ್ತಿದ್ದೇನೆ. ಒಂದು ಹೊಸ ತಳಿ ಮಾಡೋಕೆ 10 ವರ್ಷ ಬೇಕು ಅಂತ ಪುಸ್ತಕದಲ್ಲಿದೆ. ಅಷ್ಟರಲ್ಲಿ ಹವಾಮಾನವೇ ಬದಲಾದ್ರೆ? ಜೀನ್ ಎಡಿಟಿಂಗ್ ಮಾಡಿ ಬೇಗ ಮುಗಿಸೋಕಾಗಲ್ವಾ? — ಶಿರಸಿ

ತಂಗೀ, ಒಳ್ಳೇ ಪ್ರಶ್ನೆ, ಇದೇ ಪ್ರಶ್ನೆ ಈಗ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಕೂತವರ ನಿದ್ದೆ ಕೆಡಿಸಿರೋದು.

ಮೊದ್ಲು 10 ವರ್ಷ ಎಲ್ಲಿ ಹೋಗ್ತದೆ ಅಂತ ಹೇಳ್ತೇನೆ. ಹರೆಯದಲ್ಲಿ ನಾನು ಸ್ವಲ್ಪ ದಿನ ಭತ್ತದ ಕ್ರಾಸಿಂಗ್ ಕೆಲಸ ಮಾಡಿದವ. ಭತ್ತದ ಒಂದೊಂದು ಹೂವಲ್ಲೂ ಗಂಡೂ ಹೆಣ್ಣೂ ಒಟ್ಟಿಗೇ ಇರ್ತವೆ, ಹೂ ಬಿರಿಯೋದ್ರೊಳಗೆ ತನ್ನದೇ ಪರಾಗ ತಾನೇ ತಗೊಂಡು ಬಿಡ್ತದೆ. ಅದ್ಕೆ ಹಿಂದಿನ ದಿನ ಸಂಜೆ ಅಥ್ವಾ ಬೆಳಗ್ಗೆ ಬೇಗ ಹೋಗಿ ಸಣ್ಣ ಕತ್ತರಿಲಿ ಒಂದೊಂದೇ ಕಾಳಿನ ತುದಿ ಕತ್ತರಿಸಿ ಒಳಗಿರೋ ಆರು ಪರಾಗಕೋಶನ ಚಿಮಟದಲ್ಲಿ ತೆಗೆದು, ತೆನೆಗೆ ಕಾಗದದ ಚೀಲ ಹಾಕಿಡ್ಬೇಕು. ಮರುದಿನ ಹತ್ತು ಹನ್ನೊಂದು ಗಂಟೆಗೆ ತಂದೆ ಗಿಡದ ತೆನೆ ತಂದು ಅದರ ಮೇಲೆ ಕೊಡವ್ಬೇಕು. ಇಷ್ಟೆಲ್ಲ ಮಾಡಿದ್ರೆ ಒಂದು ತೆನೆಲಿ ಹತ್ತಿಪ್ಪತ್ತು ಕಾಳು ಕಟ್ಟಿದ್ರೆ ಖುಷಿ. ಅದನ್ನ ಬಿತ್ತಿದ್ರೆ ಮೊದಲ ಪೀಳಿಗೆ ಎಲ್ಲ ಒಂದೇ ಥರ, ಎರಡನೇ ಪೀಳಿಗೆಲಿ ಸಾವಿರ ಗಿಡ ಸಾವಿರ ಥರ, ಉದ್ದ ಗಿಡ್ಡ ಕೆಂಪು ಬಿಳಿ ಎಲ್ಲ ಒಡೆದು ಬರ್ತವೆ, ಅದ್ರಲ್ಲಿ ಬೇಕಾದ್ದು ಆರಿಸಿ ಆರಿಸಿ ಆರೇಳನೇ ಪೀಳಿಗೆಗೆ ಗುಣ ಸ್ಥಿರ ಆಗ್ತದೆ. ಅಲ್ಲಿಗೆ ಕೆಲಸ ಮುಗೀಲಿಲ್ಲ. ಬೇರೆ ಬೇರೆ ಊರಲ್ಲಿ ಮೂರ್ನಾಲ್ಕು ವರ್ಷ ಟ್ರಯಲ್ ಹಾಕ್ಬೇಕು, ರೈತರ ಗದ್ದೆಲಿ ನೋಡ್ಬೇಕು, ಬಿಡುಗಡೆ ಸಮಿತಿ ಒಪ್ಬೇಕು, ಆಮೇಲೆ ತಳಿವರ್ಧಕ ಬೀಜ, ಮೂಲ ಬೀಜ, ಪ್ರಮಾಣಿತ ಬೀಜ ಅಂತ ಮೂರು ಮೆಟ್ಟಿಲು ಹತ್ತಿ ಸೊಸೈಟಿಗೆ ಬರ್ಬೇಕು. ಹತ್ತು ಹನ್ನೆರಡು ವರ್ಷ ಅಂದ್ರೆ ಇದು.

ಇದನ್ನ ಕಮ್ಮಿ ಮಾಡೋ ದಾರಿ ಇವೆ. ಒಂದು ಮಾರ್ಕರ್, ಅಂದ್ರೆ ಬೇಕಾದ ಜೀನ್ ಇದ್ಯಾ ಅಂತ ತೋರಿಸೋ ಡಿಎನ್‌ಎ ಗುರುತು, ಹಿಡಿದು ಆರಿಸೋದು. ಎಫ್‌ಆರ್ 13ಎ ಭತ್ತ ನೆರೆ ತಡೀತದೆ ನಿಜ, ಆದ್ರೆ ಇಳುವರಿ ಕಮ್ಮಿ, ಅಕ್ಕಿಯೂ ಜನಕ್ಕೆ ಹಿಡಿಸೋದಲ್ಲ. ಅದನ್ನ ನೇರ ಕ್ರಾಸ್ ಮಾಡಿದಾಗ ಬೇಕಾದ ಜೀನ್ ಜೊತೆ ಬೇಡದ್ದೂ ಹಿಂದೆಯೇ ಬಂದು ಬಿಡ್ತಿತ್ತು. ಆಮೇಲೆ ಸ್ವರ್ಣ ಜೊತೆ ಮತ್ತೆ ಮತ್ತೆ ಕ್ರಾಸ್ ಮಾಡ್ತಾ, ಪ್ರತಿ ಸಲ ಎಳೇ ಸಸಿಯ ಒಂದು ತುಂಡು ಎಲೆ ಲ್ಯಾಬಿಗೆ ಕಳ್ಸಿ ಸಬ್1 ಇದ್ಯಾ, ಉಳಿದಿದ್ದೆಲ್ಲ ಸ್ವರ್ಣದ್ದೇ ಇದ್ಯಾ ಅಂತ ನೋಡಿ ಆರಿಸಿದ್ರು, ಹಾಗಾಗಿ ಎರಡ್ಮೂರು ವರ್ಷದಲ್ಲೇ ತಳಿ ಕೈಗೆ ಬಂತು, ಗದ್ದೆಲಿ ನೆರೆ ಬರೋ ತನಕ ಕಾಯೋದು ಬೇಡ ಆಯ್ತು. ಇನ್ನೊಂದು ಸ್ಪೀಡ್ ಬ್ರೀಡಿಂಗ್, ಬೆಳಕು ಶಾಖ ಎಲ್ಲ ಒಳಗೇ ಹಿಡಿತದಲ್ಲಿಟ್ಟು ವರ್ಷಕ್ಕೆ ನಾಲ್ಕೈದು ಪೀಳಿಗೆ ತೆಗೆಯೋದು.

ಜೀನ್ ಎಡಿಟಿಂಗ್ ಕೇಳಿದ್ಯಲ್ಲ, ಅದು ಕನಸಲ್ಲ ಈಗ. 2025ರ ಮೇ 4ಕ್ಕೆ ನಮ್ಮ ದೇಶದಲ್ಲೇ ಅಂಥ ಎರಡು ಭತ್ತ ಘೋಷಣೆ ಆಯ್ತು. ಒಂದು ಸಾಂಬಾ ಮಸೂರಿಯಿಂದ ಮಾಡಿದ ಡಿಆರ್‌ಆರ್ ಧಾನ್ 100, ಕಮಲಾ ಅಂತ ಕರೀತಾರೆ, ಕಾಳು ಹೆಚ್ಚು, ಸುಮಾರು 20 ದಿನ ಬೇಗ ಬರ್ತದೆ. ಇನ್ನೊಂದು ಎಂಟಿಯು 1010ರಿಂದ ಮಾಡಿದ ಪೂಸಾ ಡಿಎಸ್‌ಟಿ ರೈಸ್ 1, ಬರ ಮತ್ತೆ ಉಪ್ಪು ತಡೆಯೋಕೆ ಅಂತ. ಬೇರೆ ಜೀವಿಯ ಜೀನ್ ತಂದು ಸೇರಿಸಿದ್ದಲ್ಲ, ಭತ್ತದ್ದೇ ಜೀನಲ್ಲಿ ಸಣ್ಣ ತಿದ್ದುಪಡಿ. ಇದನ್ನ ನಾನು ಸ್ವಾಗತ ಮಾಡ್ತೇನೆ, ಆದ್ರೆ ಒಂದು ಮಾತು ನೀನು ಮನಸ್ಸಲ್ಲಿಟ್ಕೋ. ಎಡಿಟ್ ಮಾಡೋಕೆ ಯಾವ ಜೀನ್ ಅಂತ ಮೊದ್ಲು ಗೊತ್ತಿರ್ಬೇಕಲ್ಲ? ಸಬ್1 ಗೊತ್ತಾಗಿದ್ದು ಒಡಿಶಾದ ರೈತರ ಭತ್ತದಿಂದ. ಸೋಡಿಯಂ ಎಲೆಗೆ ಏರದ ಹಾಗೆ ತಡೆಯೋ ಸಾಲ್ಟಾಲ್ ಅನ್ನೋ ಗುಣ ಬಂದಿದ್ದು ಕೇರಳದ ಪೊಕ್ಕಾಳಿಯಿಂದ. ಹಳೇ ಬೀಜ ಯಾರೋ ಉಳಿಸಿದ್ರು ಅಂತ ಈ ಲ್ಯಾಬುಗಳಿಗೆ ಕೆಲಸ ಸಿಕ್ಕಿತು. ಕಗ್ಗದೊಳಗೆ ಏನೇನಿದೆ ಅಂತ ಹುಡುಕೋಕೆ ನಿನ್ನ ಥರದವ್ರು ಮುಂದೆ ಬರ್ಬೇಕು, ಧಾರವಾಡ ಕೃಷಿ ವಿವಿಗೆ ಸೇರೋ ಯೋಚನೆ ಇದ್ರೆ ಖಂಡಿತ ಮಾಡು.

ಬೇಸಿಗೆ ಭತ್ತ ಎರಡು ವರ್ಷದಿಂದ ಜೊಳ್ಳು ಜಾಸ್ತಿ. ನೀರು ಗೊಬ್ಬರ ಏನೂ ಕಮ್ಮಿ ಮಾಡಿಲ್ಲ. ಸೆಖೆ ಕಾರಣವಾ? — ಅಂಕೋಲಾ

ಇರ್ಬಹುದು, ಆದ್ರೆ ಕಾಂಡಕೊರಕ ಬಿದ್ರೂ ಬಿಳಿ ತೆನೆ ಬರ್ತದೆ, ತೆನೆ ಎಳೆದು ನೋಡಿ, ಸುಲಭಕ್ಕೆ ಕಿತ್ತು ಬಂದು ಬುಡದಲ್ಲಿ ಹುಳ ತಿಂದ ಗುರುತಿದ್ರೆ ಅದು ಹುಳ. ತೆನೆ ಗಟ್ಟಿ ಇದ್ದು ನಡುನಡುವೆ ಕಾಳು ಖಾಲಿ ಇದ್ರೆ ಆಗ ಸೆಖೆ ಮೇಲೆ ಅನುಮಾನ.

ಭತ್ತದ ಹೂ ಬಿರಿಯೋದು ಬೆಳಗ್ಗೆ ಒಂಬತ್ತು ಹತ್ತರಿಂದ ಮಧ್ಯಾಹ್ನದ ಒಳಗೆ, ಒಂದು ಹೂ ಬಿರಿದು ಮುಚ್ಚೋಕೆ ಒಂದು ಗಂಟೆ ಆಸುಪಾಸು. ಆ ಒಂದು ಗಂಟೆಲಿ 35 ಡಿಗ್ರಿ ದಾಟಿದ್ರೆ ಪರಾಗಕೋಶ ಸರಿಯಾಗಿ ಒಡೆಯೋದಿಲ್ಲ, ಕಾಳು ಕಟ್ಟೋದಿಲ್ಲ. ನಮ್ಮ ಕರಾವಳಿಲಿ ಇನ್ನೊಂದು ಕಷ್ಟ, ಗಾಳಿಲಿ ತೇವ ಜಾಸ್ತಿ ಇರೋದ್ರಿಂದ ಎಲೆ ಬೆವರಿ ತಣ್ಣಗಾಗೋದು ಕಮ್ಮಿ, ಘಟ್ಟದಾಚೆ ಒಣ ಗಾಳಿಲಿ ಅದೇ ಶಾಖವನ್ನ ಭತ್ತ ಸ್ವಲ್ಪ ಸಲೀಸಾಗಿ ತಡ್ಕೊಳ್ತದೆ. ರಾತ್ರಿ ಸೆಖೆಯೂ ಸಣ್ಣದಲ್ಲ. ಫಿಲಿಪ್ಪೀನ್ಸಿನ ಸಂಸ್ಥೆಯವ್ರು ತಮ್ಮದೇ ಗದ್ದೆಯ ಲೆಕ್ಕ ಇಟ್ಟು 2004ರಲ್ಲಿ ತೋರಿಸಿದ್ದು, ಬೇಸಿಗೆ ಬೆಳೆಲಿ ರಾತ್ರಿಯ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಏರಿದ್ರೆ ಇಳುವರಿ ಸುಮಾರು ನೂರಕ್ಕೆ 10 ಬೀಳ್ತದೆ ಅಂತ. ಹಗಲು ದುಡಿದಿದ್ದನ್ನ ರಾತ್ರಿ ಉಸಿರಾಟದಲ್ಲೇ ಖರ್ಚು ಮಾಡಿದ ಹಾಗೆ ಅನ್ನಿ.

ಇದಕ್ಕೆ ತಳಿ ಮಾಡೋವ್ರು ಎರಡು ಕಡೆಯಿಂದ ಪ್ರಯತ್ನ ಮಾಡ್ತಿದ್ದಾರೆ. ಉತ್ತರ ಪ್ರದೇಶದ ನಗೀನಾದಿಂದ ಬಂದ ಎನ್22 ಅನ್ನೋ ಹಳೇ ಭತ್ತ ಸೆಖೆಲೂ ಕಾಳು ಕಟ್ತದೆ, ಅದರ ಗುಣ ಬೇರೆ ತಳಿಗೆ ತರೋದು ಒಂದು. ಇನ್ನೊಂದು ನಂಗೆ ಬಹಳ ಚಂದ ಕಂಡಿದ್ದು, ಒಂದು ಕಾಡುಭತ್ತ ಬೆಳಗ್ಗೆ ಬಿಸಿಲೇರೋ ಮೊದ್ಲೇ ಹೂ ಬಿರಿಸಿ ಮುಗಿಸ್ತದೆ, ಆ ಬೇಗ ಏಳೋ ಗುಣನ ಊರು ಭತ್ತಕ್ಕೆ ತಂದ್ರೆ ಸೆಖೆ ತಡೆಯೋದೇ ಬೇಡ, ತಪ್ಪಿಸ್ಕೊಂಡ್ರೆ ಸಾಕು. ಅದು ನಿಮ್ಮ ಗದ್ದೆಗೆ ಬರೋ ತನಕ ನಿಮ್ಮ ಕೈಲಿರೋದು ಬಿತ್ತನೆ ದಿನ. ಹೂವಿನ ಸಮಯ ಮಾರ್ಚ್ ಕೊನೆ, ಏಪ್ರಿಲಿಗೆ ಬೀಳದ ಹಾಗೆ ಹಿಂದಿಂದ ಲೆಕ್ಕ ಹಾಕಿ, ಕಮ್ಮಿ ದಿನದ ತಳಿ ತಗೊಂಡು ಎರಡು ಮೂರು ವಾರ ಮುಂಚೆ ಅಗೆ ಹಾಕಿ. ಹೂವಿನ ಹೊತ್ತಲ್ಲಿ ಗದ್ದೆಲಿ ನೀರು ನಿಲ್ಸಿ, ಒಣಗೋಕೆ ಬಿಡ್ಬೇಡಿ.

ಕೊಳೆರೋಗ, ಎಲೆಚುಕ್ಕೆ ಎರಡೂ ಬರದ ಅಡಿಕೆ ತಳಿ ಯಾವಾಗ ಬರ್ತದೆ? ತೋಟದ ಕಾಳುಮೆಣಸಿಗೆ ಪಣಿಯೂರು-1 ಹಾಕ್ಬಹುದಾ? — ಸಿದ್ದಾಪುರ

ಕೊಳೆರೋಗ ಪೂರ್ತಿ ತಡೆಯೋ ಅಡಿಕೆ ತಳಿ ಇಲ್ಲ, ಇಂಥ ವರ್ಷಕ್ಕೆ ಬರ್ತದೆ ಅಂತ ನಿಮಗೆ ಆಸೆ ಹುಟ್ಸೋದು ನನ್ನಿಂದಾಗೋದಿಲ್ಲ. ಭತ್ತ ನಾಲ್ಕು ತಿಂಗಳಿಗೆ ಒಂದು ಪೀಳಿಗೆ, ಅಡಿಕೆ ಸಸಿ ನೆಟ್ಟು ಫಸಲು ನೋಡೋಕೇ ಐದಾರು ವರ್ಷ, ಒಳ್ಳೇದಾ ಕೆಟ್ಟದ್ದಾ ಅಂತ ಹೇಳೋಕೆ ಮತ್ತೂ ಅಷ್ಟೇ ವರ್ಷ. ಒಬ್ಬ ಬ್ರೀಡರ್ ತನ್ನ ಇಡೀ ಸರ್ವೀಸಲ್ಲಿ ಎರಡು ಪೀಳಿಗೆ ನೋಡಿದ್ರೆ ಹೆಚ್ಚು. ವಿಟ್ಲದ ಕೇಂದ್ರದಿಂದ ಬಂದಿರೋ ಗಿಡ್ಡ ಹೈಬ್ರಿಡ್‌ಗಳು ಇವೆ, ತುಮಕೂರು ಬದಿಯ ಹಿರೇಹಳ್ಳಿ ಗಿಡ್ಡ ಮರನ ಸುಮಂಗಳ, ಮೋಹಿತ್‌ನಗರ ತಳಿಗಳ ಜೊತೆ ಕ್ರಾಸ್ ಮಾಡಿದ್ದು. ಅವು ರೋಗ ತಡೆಯೋಕೆ ಅಂತ ಮಾಡಿದ್ದಲ್ಲ, ಆದ್ರೆ ಮರ ಹತ್ತೋ ಕೊನೆಗೌಡರು ಸಿಗೋದೇ ಕಷ್ಟ ಆಗಿರೋ ಈ ಕಾಲದಲ್ಲಿ, ಮಳೆ ಸ್ವಲ್ಪ ಬಿಟ್ಟ ಎರಡೇ ದಿನದಲ್ಲಿ ಬೋರ್ಡೋ (ಮೈಲುತುತ್ತ ಸುಣ್ಣದ ದ್ರಾವಣ) ಹೊಡೆದು ಮುಗಿಸ್ಬೇಕು ಅಂದ್ರೆ ಮರ ಗಿಡ್ಡ ಇರೋದೇ ದೊಡ್ಡ ಉಪಕಾರ. ಇನ್ನು ನಿಮ್ಮದೇ ತೋಟದಲ್ಲಿ, ಎಲ್ಲ ಮರಕ್ಕೂ ಎಲೆಚುಕ್ಕೆ ಬಂದು ಹೆಡಲು ಒಣಗಿದ ವರ್ಷವೂ ಹಸಿರಾಗೇ ನಿಂತ ಮರ ಒಂದೆರಡು ಇದ್ರೆ ಅದಕ್ಕೆ ಬಣ್ಣ ಹಚ್ಚಿ ಗುರ್ತು ಮಾಡಿ, ಮೂರು ವರ್ಷ ಸತತ ಹಾಗೇ ಇತ್ತು ಅಂದ್ರೆ ಸಂಶೋಧನಾ ಕೇಂದ್ರಕ್ಕೆ ತಿಳಿಸಿ, ಬೀಜದ ಗೋಟು ಅದರಿಂದಲೇ ತೆಗೀರಿ.

ಕಾಳುಮೆಣಸಿನ ಬಗ್ಗೆಯೂ ಕೇಳಿದ್ರಿ. ಪಣಿಯೂರು-1 ಕೇರಳದಿಂದ ಬಂದ ಒಳ್ಳೇ ಹೈಬ್ರಿಡ್, ಆದ್ರೆ ನೆರಳು ಜಾಸ್ತಿ ಇರೋ ನಮ್ಮ ಅಡಿಕೆ ತೋಟದಲ್ಲಿ ಅದು ಅಷ್ಟು ಕೊಡೋದಿಲ್ಲ, ಸೊರಗು ರೋಗಕ್ಕೂ ಬೀಳ್ತದೆ. ಊರ ಬಳ್ಳಿ ಕಿತ್ತು ಅದೊಂದನ್ನೇ ತುಂಬ್ಸೋದು ಬೇಡ, ನಾಲ್ಕು ಥರ ಇರ್ಲಿ.

ನಾನು ನನ್ನ ಮನೆ ಭತ್ತದ ಬೀಜ ಪಕ್ಕದೂರಿನವರಿಗೆ ದುಡ್ಡಿಗೆ ಕೊಟ್ರೆ ಕೇಸ್ ಆಗ್ತದೆ ಅಂತ ಯಾರೋ ಹೆದರಿಸಿದ್ರು. ಹೌದಾ? — ಕಾರವಾರ

ಇಲ್ಲ, ಹೆದರ್ಬೇಡಿ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಲಿ ಸ್ಪಷ್ಟ ಇದೆ, ರೈತ ತನ್ನ ಗದ್ದೆ ಬೀಜ ಉಳಿಸ್ಬಹುದು, ಬಿತ್ತಬಹುದು, ಬದಲು ಮಾಡ್ಬಹುದು, ಹಂಚಬಹುದು, ಮಾರಬಹುದು. ನೋಂದಣಿ ಆದ ಕಂಪನಿ ತಳಿಯದ್ದಾದ್ರೂ ಅಷ್ಟೇ, ಬ್ರಾಂಡ್ ಹೆಸರಿನ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿ ಮಾತ್ರ ಮಾರೋ ಹಾಗಿಲ್ಲ. ಊರಲ್ಲಿ ತಲೆಮಾರಿನಿಂದ ಬಂದ ತಳಿ ಇದ್ರೆ ರೈತರ ತಳಿ ಅಂತ ನೋಂದಣಿಯೂ ಮಾಡಿಸ್ಬಹುದು. ಒಬ್ರ ಹೆಸರಲ್ಲಿ ಮಾಡೋಕಿಂತ ಊರಿನ ಗುಂಪಿನ ಹೆಸರಲ್ಲಿ ಮಾಡಿಸಿ, ಆಮೇಲೆ ಮನಸ್ತಾಪ ಬೇಡ.

ಬೀಜ ಉಳಿಸಿ ಅಂತ ಎಲ್ರೂ ಹೇಳ್ತಾರೆ. ಜೀನ್ ಬ್ಯಾಂಕಲ್ಲಿ ಇದೆಯಲ್ಲ, ಮತ್ತೆ ನಾವ್ಯಾಕೆ ಉಳಿಸ್ಬೇಕು? ನಮ್ಮ ಮಳೆಗೆ ಬೀಜ ಮೊಳಕೆಯೂ ಬರೋದಿಲ್ಲ. — ಹೊನ್ನಾವರ

ಜೀನ್ ಬ್ಯಾಂಕ್ ಬೇಕೇ ಬೇಕು. ದಿಲ್ಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ ಮೈನಸ್ 18 ಡಿಗ್ರಿಲಿ ಬೀಜ ಇಡ್ತಾರೆ, ಫಿಲಿಪ್ಪೀನ್ಸಲ್ಲಿ 1,30,000ಕ್ಕೂ ಹೆಚ್ಚು ಭತ್ತದ ಮಾದರಿ ಇವೆ. ರಷ್ಯಾದ ಸಸ್ಯವಿಜ್ಞಾನಿ ವಾವಿಲೋವ್ ಸಂಗ್ರಹಿಸಿದ ಬೀಜಗಳನ್ನ ಎರಡನೇ ಮಹಾಯುದ್ಧದ ಲೆನಿನ್‌ಗ್ರಾಡ್ ಮುತ್ತಿಗೆ ಹೊತ್ತಲ್ಲಿ ಅಲ್ಲಿನ ಕೆಲಸಗಾರರು ತಾವು ಹಸಿವಿನಿಂದ ಸತ್ರೂ ತಿನ್ನದೆ ಕಾಯ್ದ್ರು, ಅದನ್ನ ನೆನೆದಾಗೆಲ್ಲ ನಂಗೆ ಕಣ್ಣು ತುಂಬ್ತದೆ. ಆದ್ರೆ ಫ್ರೀಜರಲ್ಲಿರೋ ಬೀಜ ಅಲ್ಲಿಗೆ ಹೋದ ದಿನದ ಹವೆಯನ್ನ ಮಾತ್ರ ಕಂಡಿರೋದು. ನಿಮ್ಮ ಗದ್ದೆಲಿರೋದು ಈ ವರ್ಷದ ಉಪ್ಪು, ಈ ವರ್ಷದ ನೆರೆ, ಈ ವರ್ಷದ ಹುಳ ಎಲ್ಲ ಕಂಡು ಉಳಿದಿದ್ದು, ಅದ್ರಲ್ಲೇ ನೀವು ಚೆನ್ನಾಗಿ ನಿಂತಿದ್ದನ್ನ ಆರಿಸಿ ಮುಂದಿನ ವರ್ಷಕ್ಕೆ ಇಡ್ತೀರಿ. ತಳಿ ಮಾಡೋದು ಅಂದ್ರೆ ಮೂಲದಲ್ಲಿ ಅದೇ ಕೆಲಸ.

ನಾನು ಒಂದು ತಪ್ಪು ಮಾಡಿದ್ದೇನೆ, ನೀವು ಮಾಡ್ಬಾರ್ದು ಅಂತ ಹೇಳ್ತೇನೆ. ಶಿರಸಿ ಬದಿಯ ಒಬ್ಬ ಅಜ್ಜ ಕೊಟ್ಟ ಒಂದು ಸೇರು ಹಳೇ ಭತ್ತನ ಸರಿಯಾಗಿ ಒಣಗ್ಸದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟೆ, ಒಂದು ಮಳೆಗಾಲ ಕಳೆದು ನೋಡಿದ್ರೆ ಬೂಸಲು, ಒಂದು ಕಾಳೂ ಮೊಳೀಲಿಲ್ಲ. ಮತ್ತೆ ಕೇಳೋಕೆ ಹೋದಾಗ ಅಜ್ಜ ಇರ್ಲಿಲ್ಲ, ಆ ಮನೆಲಿ ಗದ್ದೆ ತೆಗೆದು ಅಡಿಕೆ ಹಾಕಿದ್ರು. ಆ ಭತ್ತ ಬೇರೆ ಎಲ್ಲೂ ನಂಗೆ ಸಿಗ್ಲಿಲ್ಲ.

ಒಣಗಿಸೋದ್ರಲ್ಲೇ ಎಲ್ಲ ಇರೋದು. ಬೀಜದ ತೇವ ನೂರಕ್ಕೆ ಒಂದು ಕಮ್ಮಿ ಆದ್ರೆ ಅದರ ಆಯಸ್ಸು ಹತ್ರಹತ್ರ ಎರಡರಷ್ಟು ಆಗ್ತದೆ, ಇಡೋ ಜಾಗ ಐದಾರು ಡಿಗ್ರಿ ತಣ್ಣಗಾದ್ರೂ ಹಾಗೇ. ಭತ್ತದ ಬೀಜ 13ರ ಒಳಗೆ ಬರ್ಬೇಕು. ಮೀಟರ್ ಇಲ್ಲದಿದ್ರೆ ಹಲ್ಲಲ್ಲಿ ಕಚ್ಚಿ, ಟಕ್ ಅಂತ ಒಡೆದ್ರೆ ಸರಿ, ಮೆತ್ತಗೆ ಒತ್ತಿದ್ರೆ ಇನ್ನೂ ಎರಡು ದಿನ ಎಳೆಬಿಸಿಲಿಗೆ ಹಾಕಿ. ಗದ್ದೆ ಬದು ಬಿಟ್ಟು ನಡುವಿಂದ, ಒಂದೇ ಎತ್ತರ ಒಂದೇ ಬಣ್ಣದ ತೆನೆ ಆರಿಸಿ, ಒಂದೆರಡು ಗಿಡದಿಂದಲ್ಲ, ನೂರಾರು ಗಿಡದಿಂದ, ಇಲ್ದಿದ್ರೆ ತಳಿಯೊಳಗಿನ ವೈವಿಧ್ಯವೇ ಹೋಗ್ತದೆ. ಹುಲ್ಲಿನ ಮುಡಿ ಕಟ್ಟಿ ಒಲೆ ಮೇಲಿನ ಅಟ್ಟದಲ್ಲಿಡೋದು ಹಿಂದಿನವರ ದಾರಿ, ಹೊಗೆಗೆ ಹುಳವೂ ಬರ್ತಿರ್ಲಿಲ್ಲ. ಈಗ ಗ್ಯಾಸ್ ಒಲೆ ಮನೆಲಿ ಹೊಗೆ ಇಲ್ಲ, ಅದ್ಕೆ ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಡ್ರಮ್ಮಲ್ಲಿ ತಳಕ್ಕೆ ಒಣ ಬೂದಿ ಹಾಕಿ ಇಡಿ. ಮತ್ತೆ ಸ್ವಲ್ಪ ಬೀಜ ಬೇರೆ ಊರಿನ ನೆಂಟರ ಮನೆಲೂ ಇರ್ಲಿ, ನಿಮ್ಮಲ್ಲಿ ನೆರೆ ಬಂದು ಹೋದ್ರೆ ಅಲ್ಲಿಂದ ತರ್ಬಹುದು.

ಬೆಂಗಳೂರಲ್ಲಿದ್ದೇನೆ, ಊರು ಗೋಕರ್ಣದ ಹತ್ರ. ಹಾಳು ಬಿದ್ದ ನಮ್ಮ ಗಜನಿ ಗದ್ದೆಲಿ ಮತ್ತೆ ಕಗ್ಗ ಹಾಕೋ ಆಸೆ. ಬೀಜ ಕೊರಿಯರ್ ಮಾಡೋವ್ರು ಇದ್ದಾರಾ?

ಕೊರಿಯರ್ ಬೇಡ ತಮ್ಮಾ. ನವೆಂಬರಲ್ಲಿ ಎರಡು ದಿನ ರಜೆ ಹಾಕಿ ಕುಮಟಾ ತಾಲೂಕಿನ ಮಾಣಿಕಟ್ಟೆ ಕಡೆ ಹೋಗಿ, ಕೊಯ್ಲು ಆಗ್ತಿರೋ ಅಥ್ವಾ ಆಗಷ್ಟೇ ಮುಗಿದ ಗಜನಿ ನೋಡಿ, ಬೆಳೆಯೋವರ ಜೊತೆ ಕೂತು ಮಾತಾಡಿ. ಒಬ್ಬರೇ ಗಜನಿ ಮಾಡೋಕಾಗೋದಿಲ್ಲ, ಕಟ್ಟೆಯೂ ನೀರಿನ ಬಾಗಿಲೂ ಎಲ್ಲರದ್ದು, ನಿಮ್ಮ ಗದ್ದೆಗೆ ನೀರು ಯಾವಾಗ ಬಿಡ್ಬೇಕು ಅನ್ನೋದು ಅಕ್ಕಪಕ್ಕದವರ ಜೊತೆ ಸೇರಿ ನಡೆಯೋ ಕೆಲಸ, ಅದ್ಕೆ ಬೀಜಕ್ಕಿಂತ ಮೊದ್ಲು ಊರಿನ ಆರೇಳು ಮನೆಯವರನ್ನ ಒಪ್ಪಿಸ್ಬೇಕು. ಬೀಜ ಕೇಳಿದ್ರೆ ಕೊಡ್ತಾರೆ. ಮುಂದಿನ ಕೊಯ್ಲಿಗೆ ತಗೊಂಡಷ್ಟೂ ಅಳೆದು ವಾಪಸ್ ಮುಟ್ಟಿಸಿ, ಮೇಲೆ ಒಂದು ಸೇರು ಹೆಚ್ಚೇ ಹಾಕಿ.